ಅರ್ಧ ಮಾತ್ರೆಯ ಹಿಂದಿನ ಲೆಕ್ಕ

ನಾನು ಓದಿದ್ದು ಬಿ.ಕಾಂ., ಮಾಡುವುದು ಬ್ಯಾಂಕ್ ನೌಕರಿ. ವಿಜ್ಞಾನದಲ್ಲಿ ಮೂಗು ತೂರಿಸುವುದು ಅಧಿಕಪ್ರಸಂಗವೇ ಸರಿ. ಆದರೂ "ಇಲಿಗೆ ಏನೋ ರಾಸಾಯನಿಕ ಕೊಟ್ಟರಂತೆ, ಗಡ್ಡೆ ಕರಗಿತಂತೆ, ಅದರಿಂದ ನಮಗೇನು ಬಂತು? ಎಲ್ಲ ನಮ್ಮ ಟ್ಯಾಕ್ಸ್ ದುಡ್ಡು!" ಎಂದು ಸಹೋದ್ಯೋಗಿಗಳು ನಕ್ಕಾಗ ಸುಮ್ಮನಿರಲಾಗುವುದಿಲ್ಲ.

ಪಿಟ್ಯುಟರಿ ಗ್ರಂಥಿಯನ್ನೇ ತೆಗೆದುಕೊಳ್ಳಿ. ಮಿದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟಿರುತ್ತದೆ. ಅಲ್ಲಿ ಏಳುವ ಗಡ್ಡೆಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ. ಆದರೆ ಪ್ರೊಲ್ಯಾಕ್ಟಿನ್ ಹಾರ್ಮೋನು ಹೆಚ್ಚು ಸುರಿಸುವ ಗಡ್ಡೆಯಾದರೆ ಹೆಂಗಸರಿಗೆ ಮುಟ್ಟು ನಿಲ್ಲಬಹುದು, ಮಕ್ಕಳಾಗುವುದು ಕಷ್ಟವಾಗಬಹುದು. ದೊಡ್ಡದಾಗಿ ಕಣ್ಣಿನ ನರ ಒತ್ತಿದರೆ ದೃಷ್ಟಿಗೇ ಕುತ್ತು.

ಇದಕ್ಕೆ ಮದ್ದು ಸಿಕ್ಕಿದ ದಾರಿ ನೋಡಿ. ರೈ ಧಾನ್ಯದ ತೆನೆಗೆ ಹತ್ತುವ ಎರ್ಗಟ್ ಎಂಬ ಬೂಷ್ಟು ಮಧ್ಯಯುಗದ ಯುರೋಪಿನಲ್ಲಿ ಜನರ ಕೈಕಾಲು ಕೊಳೆಯಿಸಿದ ವಿಷ. 1950ರ ದಶಕದಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯಲ್ಲಿ ಶೆಲೆಸ್ನ್ಯಾಕ್ ಎಂಬವರು ಅದರ ಅಂಶವನ್ನು ಇಲಿಗಳಿಗೆ ಕೊಟ್ಟು, ಗರ್ಭ ನಿಲ್ಲುವುದಕ್ಕೆ ಅದು ಅಡ್ಡಬರುವುದನ್ನು ಕಂಡರು. ಆ ಎಳೆ ಹಿಡಿದು ಸ್ವಿಟ್ಜರ್ಲೆಂಡಿನ ಸ್ಯಾಂಡೋಜ್ ಕಂಪನಿಯ ಫ್ಲೂಕಿಗರ್ ತಂಡ 1960ರ ದಶಕದಲ್ಲಿ ಬ್ರೋಮೋಕ್ರಿಪ್ಟಿನ್ ಸಿದ್ಧಪಡಿಸಿತು. ತಮಾಷೆಯೆಂದರೆ, ಮನುಷ್ಯರಲ್ಲಿ ಪ್ರೊಲ್ಯಾಕ್ಟಿನ್ ಎಂಬ ಪ್ರತ್ಯೇಕ ಹಾರ್ಮೋನು ಇದೆಯೇ ಎಂಬುದೇ ಆಗ ಖಚಿತವಿರಲಿಲ್ಲ! ಅದು ಖಚಿತವಾದದ್ದು 1970ರ ಆಸುಪಾಸಿನಲ್ಲಿ. ಮದ್ದು ಹಾರ್ಮೋನನ್ನಷ್ಟೇ ಅಲ್ಲ, ಗಡ್ಡೆಯನ್ನೂ ಕುಗ್ಗಿಸುತ್ತದೆಂದು ಆಮೇಲೆ ತಿಳಿಯಿತು.

ಇಲಿಯಿಂದ ರೋಗಿಯವರೆಗೆ ಹೆಚ್ಚುಕಮ್ಮಿ 20 ವರ್ಷ. ಇಷ್ಟು ದೀರ್ಘ ಅವಧಿಯ, ಬಡ್ಡಿಯ ಖಾತರಿಯಿಲ್ಲದ ಸಾಲವನ್ನು ಯಾವ ಮ್ಯಾನೇಜರೂ ಮಂಜೂರು ಮಾಡುವುದಿಲ್ಲ. ಅದಕ್ಕೇ ಇದು ಬ್ಯಾಂಕಿನ ಲೆಕ್ಕವಲ್ಲ, ಸಮಾಜದ ಲೆಕ್ಕ. ನಮ್ಮ ಸೊಸೈಟಿಯ ಒಬ್ಬ ಹೆಣ್ಣುಮಗಳಿಗೆ "ತಲೆಯಲ್ಲಿ ಗಡ್ಡೆ" ಎಂದಾಗ ಮನೆಮಂದಿಯೆಲ್ಲ ಅತ್ತಿದ್ದರು. ಆಪರೇಷನ್ ಬೇಕಾಗಲೇ ಇಲ್ಲ. ಅದೇ ಎರ್ಗಟ್ ಕುಲದ ಕ್ಯಾಬರ್ಗೋಲಿನ್, ವಾರಕ್ಕೆರಡು ಸಲ ಅರ್ಧ ಮಾತ್ರೆ, ಅಷ್ಟೇ. ಈಗ ಆಕೆಯ ಮಗ ನರ್ಸರಿಗೆ ಹೋಗುತ್ತಾನೆ.

ಹಾಗೆಂದು ಇಲಿಯಲ್ಲಿ ಗೆದ್ದದ್ದೆಲ್ಲ ಮನುಷ್ಯರಲ್ಲೂ ಗೆಲ್ಲುವುದಿಲ್ಲ. ಕುಶಿಂಗ್ಸ್ ಕಾಯಿಲೆ ತರುವ ಪಿಟ್ಯುಟರಿ ಗಡ್ಡೆಗೆ ಇಂದಿಗೂ ಮೊದಲ ಚಿಕಿತ್ಸೆ ಶಸ್ತ್ರಕ್ರಿಯೆಯೇ. ಪೇಪರಿನಲ್ಲಿ "ಗಡ್ಡೆ ಕರಗಿಸುವ ಸಂಯುಕ್ತ ಪತ್ತೆ" ಎಂದು ಓದಿ ಅದರ ಹೆಸರಿನ ಪುಡಿ ತರಿಸಿಕೊಳ್ಳುವುದು, ಕಾಗದಪತ್ರ ನೋಡದೆ ಸಾಲ ಕೊಟ್ಟ ಹಾಗೆ. ಮುಳುಗುವುದು ಮಾತ್ರ ದುಡ್ಡಲ್ಲ, ಜೀವ.

ನಗುವುದೂ ಬೇಡ, ನುಂಗುವುದೂ ಬೇಡ. ಪ್ರಯೋಗಶಾಲೆಗೆ ದುಡ್ಡು ಕೊಡೋಣ, ಸಮಯವನ್ನೂ ಕೊಡೋಣ. ನೀವೇನಂತೀರಿ?