"ಎಷ್ಟು ಬಂತು?" ಬಿಟ್ಟು ಬೇರೇನಾದರೂ ಕೇಳೋಣ



ಒಮಾನಿನಲ್ಲಿ ಶುಕ್ರವಾರ ನಾಲ್ಕು ಕನ್ನಡ ಸಂಸಾರಗಳು ಒಂದೆಡೆ ಸೇರಿದರೆ ಮೊದಲು ಬರುವ ಮಾತು ಊರಿನ ಮಳೆಯದ್ದಲ್ಲ, ಮಕ್ಕಳ ಮಾರ್ಕಿನದ್ದು. ರೂವಿ ಇರಲಿ, ಸೊಹಾರ್ ಇರಲಿ, ಸಲಾಲಾ ಇರಲಿ, "ನಿಮ್ಮವನಿಗೆ ಎಷ್ಟು ಬಂತು?" ಪಕ್ಕದ ಕೋಣೆಯಲ್ಲಿ ಕೂತ ಮಗು ಅದನ್ನೆಲ್ಲಾ ಕೇಳಿಸಿಕೊಳ್ಳುತ್ತಿರುತ್ತದೆ.

ಭಾರತದಲ್ಲಿ 2022ರ ಒಂದೇ ವರ್ಷ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಹೇಳುತ್ತದೆ. ಯಾರಿಗೂ ಹೇಳದೆ ತಮ್ಮನ್ನು ತಾವೇ ನೋಯಿಸಿಕೊಳ್ಳುವ ಮಕ್ಕಳು ಈ ಲೆಕ್ಕದಲ್ಲಿಲ್ಲ. ಅವರೆಲ್ಲರೂ ಸಾಯಲು ಬಯಸುವವರಲ್ಲ. ತಾಳಲಾರದ ಸಂಕಟಕ್ಕೆ ಬೇರೆ ದಾರಿ ಕಾಣದವರು. ಹಾಗೆಂದು "ನಾಟಕ" ಎಂದು ತಳ್ಳಿಹಾಕುವಂತಿಲ್ಲ. ಹಾಗೆ ನೋಯಿಸಿಕೊಂಡವರಲ್ಲಿ ಮುಂದೆ ಜೀವಕ್ಕೇ ಎರವಾಗುವ ಅಪಾಯ ಹೆಚ್ಚು.

ಇದರಲ್ಲಿ ಯೋಚನೆಯ ಪಾತ್ರ ದೊಡ್ಡದು. 1960ರ ದಶಕದಲ್ಲಿ ಏರನ್ ಬೆಕ್ ಎಂಬ ಮನೋವೈದ್ಯರು, ಖಿನ್ನತೆಯಲ್ಲಿರುವವರ ತಲೆಯಲ್ಲಿ ಕೆಲವು ವಕ್ರ ಯೋಚನೆಗಳು ತಾವಾಗಿಯೇ ಓಡುತ್ತಿರುತ್ತವೆ ಎಂದು ಗುರುತಿಸಿದರು. "ಗಣಿತದಲ್ಲಿ ಕಡಿಮೆ ಬಂತು" ಎನ್ನುವುದು "ನಾನೇ ದಂಡ" ಆಗುತ್ತದೆ. ಅಲ್ಲಿಂದ "ಇದು ಎಂದಿಗೂ ಸರಿಹೋಗದು". ನಮ್ಮಂಥ ಸಾಫ್ಟ್‌ವೇರಿನವರು ಒಂದು ಸಾಲು ಕೋಡನ್ನೂ ಟೆಸ್ಟ್ ಮಾಡದೆ ಬಿಡುವುದಿಲ್ಲ. ಮಗುವಿನ ತಲೆಯಲ್ಲಿ ಓಡುವ ಈ ಸಾಲನ್ನು ಮಾತ್ರ ಯಾರೂ ಪರೀಕ್ಷಿಸುವುದಿಲ್ಲ. ಎಷ್ಟೋ ಸಲ ಅದನ್ನು ಬರೆದುಕೊಟ್ಟವರೂ ನಾವೇ: "ಪಕ್ಕದ ಮನೆಯವನನ್ನು ನೋಡು", "ನಿನಗಾಗಿ ಈ ಮರಳುಗಾಡಲ್ಲಿ ದುಡೀತಿದೀವಿ".

ತಪ್ಪೆಲ್ಲಾ ತಂದೆತಾಯಿಯದೇ ಎನ್ನುತ್ತಿಲ್ಲ. ಖಿನ್ನತೆ, ಶಾಲೆಯಲ್ಲಿನ ಕಿರುಕುಳ, ಒಂಟಿತನ ಎಲ್ಲವೂ ಸೇರಿರುತ್ತವೆ. ಆದರೆ ನಮ್ಮ ಕೈಯಲ್ಲಿರುವುದು ಮನೆ. ಡಯಾನಾ ಬೌಮ್ರಿಂಡ್ ಅದೇ ದಶಕದಲ್ಲಿ ಹೇಳಿದ್ದು ಇಷ್ಟೇ: ಬರೀ ಅಪ್ಪಣೆಯೂ ಬೇಡ, ಪೂರಾ ಸಡಿಲವೂ ಬೇಡ, ಕಟ್ಟುಪಾಡು ಇರಲಿ, ಜೊತೆಗೆ ಅಕ್ಕರೆಯೂ ಕಿವಿಯೂ ಇರಲಿ.

ಇನ್ನೊಂದು ಮಾತು ಕನ್ನಡದ್ದು. ಇಲ್ಲಿ ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಇಂಗ್ಲಿಷ್, ಆಟದಲ್ಲಿ ಹಿಂದಿ. ಮನೆಯ ಕನ್ನಡ "ಊಟ ಆಯ್ತಾ, ಹೋಂವರ್ಕ್ ಆಯ್ತಾ"ಗೆ ಮುಗಿಯುತ್ತದೆ. "ನಂಗೆ ತಡ್ಕೊಳ್ಳಕ್ಕಾಗ್ತಿಲ್ಲ ಅಮ್ಮ" ಎನ್ನುವಷ್ಟು ಕನ್ನಡವನ್ನು ನಾವು ಕೊಟ್ಟಿದ್ದೇವೆಯೇ? ಹನ್ನೆರಡನೇ ತರಗತಿ ಮುಗಿದೊಡನೆ ಇದೇ ಮಗು ಬೆಂಗಳೂರಿನಲ್ಲೋ ಮಣಿಪಾಲದಲ್ಲೋ ಹಾಸ್ಟೆಲಿನ ಕೋಣೆಯಲ್ಲಿ ಒಂಟಿಯಾಗಿರುತ್ತದೆ.

ಗಾಯ ಕಂಡರೆ ಕೂಗಾಡಬೇಡಿ. ನೇರವಾಗಿ, ಮೆಲ್ಲಗೆ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎನ್ನುವುದು ಸುಳ್ಳು. "ಜನ ಏನಂತಾರೋ, ವೀಸಾಗೆ ಏನಾಗುತ್ತೋ" ಎಂದು ವೈದ್ಯರ ಬಳಿ ಹೋಗುವುದನ್ನು ಮುಂದೂಡಬೇಡಿ. ಅಮೆರಾತ್‌ನಲ್ಲಿ ಅಲ್ ಮಸರ್ರಾ ಆಸ್ಪತ್ರೆ ಮನೋಚಿಕಿತ್ಸೆಗೆಂದೇ ಇದೆ. ಜೀವಕ್ಕೆ ಅಪಾಯವೆನಿಸಿದರೆ ಒಮಾನಿನಲ್ಲಿ 9999ಕ್ಕೆ ಕರೆಮಾಡಿ. ಊರಿನಲ್ಲಿ ಓದುತ್ತಿರುವ ಮಕ್ಕಳಿಗೆ 2022ರಲ್ಲಿ ಶುರುವಾದ ಟೆಲಿ-ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ನಮ್ಮ ಸಂಘಗಳಲ್ಲೂ ಒಂದು ಬೇಡಿಕೆ. ರಾಜ್ಯೋತ್ಸವದ ವೇದಿಕೆಯಲ್ಲಿ ಹೆಚ್ಚು ಅಂಕ ಪಡೆದವರಿಗೆ ಶಾಲು ಹೊದಿಸುತ್ತೇವೆ. ಸಂತೋಷ. ಈ ಸಲ ಅದೇ ಸಭೆಯಲ್ಲಿ ಒಂದು ಗಂಟೆ, ಕನ್ನಡ ಬಲ್ಲ ಮನೋವೈದ್ಯರೊಬ್ಬರನ್ನು ಕರೆಸಿ, ತಂದೆತಾಯಂದಿರನ್ನು ಕೂರಿಸಿ ಮಾತಾಡಿಸೋಣ. ಖರ್ಚು ಶಾಲಿಗಿಂತ ತುಸು ಹೆಚ್ಚಾದೀತು, ಆಗಲಿ.