ವಿದ್ಯುತ್ ದರ: ಆಕ್ಷೇಪಿಸುವ ಹಕ್ಕು ನಮ್ಮದು

ವಿದ್ಯುತ್ ಬಿಲ್ಲು ಕೈಗೆ ಬಂದಾಗ ಗೊಣಗುವ ನಾವು, ದರ ನಿಗದಿಯಾಗುವ ಮುನ್ನ ಮೌನವಾಗಿರುತ್ತೇವೆ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 64ನೇ ಕಲಮಿನಂತೆ ಸರಬರಾಜು ಕಂಪೆನಿಯು ದರದ ಅರ್ಜಿಯನ್ನು ಪ್ರಕಟಿಸಲೇಬೇಕು. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಸಾರ್ವಜನಿಕರ ಸಲಹೆ, ಆಕ್ಷೇಪಗಳನ್ನು ಪರಿಗಣಿಸಿಯೇ ಆದೇಶ ನೀಡಬೇಕು.

2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿಯಿಂದ ಅನೇಕ ಮನೆಗಳ ಬಿಲ್ಲು ಶೂನ್ಯಕ್ಕಿಳಿದಿದೆ, ನಿಜ. ಆದರೆ ತಿಂಗಳಿಗೆ 200 ಯೂನಿಟ್ ಮೀರಿದ ಮನೆಗಳಿಗೂ, ಅಂಗಡಿ, ಹಿಟ್ಟಿನ ಗಿರಣಿಗಳಿಗೂ ಆ ಸೌಲಭ್ಯವಿಲ್ಲ. 2025ರ ಏಪ್ರಿಲ್‌ನಿಂದ ವಿದ್ಯುತ್ ನೌಕರರ ಪಿಂಚಣಿ, ಗ್ರಾಚ್ಯುಟಿಗಾಗಿ ಯೂನಿಟ್ಟಿಗೆ 36 ಪೈಸೆಯ ಹೊರೆ ಬಳಕೆದಾರರ ಮೇಲೆ ಬಿದ್ದಿತು. ದುಡಿದವರಿಗೆ ಪಿಂಚಣಿ ಸಲ್ಲಲೇಬೇಕು. ಅದರ ಭಾರವನ್ನು ಯಾರು ಹೊರಬೇಕೆಂಬುದೇ ಪ್ರಶ್ನೆ.

ಆ ಪ್ರಶ್ನೆಯನ್ನು ಕೇಳಬೇಕಾದ ಸ್ಥಳ ಆಯೋಗದ ವಿಚಾರಣಾ ಸಭೆ. ಮುಂದಿನ ಪ್ರಕಟಣೆ ಬಂದಾಗ ನೆರೆಹೊರೆಯ ನಾಲ್ಕು ಮನೆಯವರು ಕೂಡಿ ಆಕ್ಷೇಪ ಪತ್ರವೊಂದನ್ನು ಬರೆಯೋಣ.