ನದಿಗೆ ರಾಷ್ಟ್ರೀಯ ಪಟ್ಟ ಸಿಕ್ಕಿತು, ಆಳ ಸಿಕ್ಕಿತೇ?

ಒಳನಾಡು ಜಲಮಾರ್ಗಗಳಲ್ಲಿ 2024-25ರಲ್ಲಿ 14.5 ಕೋಟಿ ಟನ್‌ ಸರಕು ಸಾಗಿದೆ, ಇದು ದಾಖಲೆ ಎಂದು ಕೇಂದ್ರ ಸರ್ಕಾರ ಹೇಳುತ್ತಿದೆ. 2013-14ರಲ್ಲಿ ಇದು 2 ಕೋಟಿ ಟನ್ ಕೂಡ ಇರಲಿಲ್ಲ. ಏರಿಕೆ ದೊಡ್ಡದೇ. ಆದರೆ ಈ ಲೆಕ್ಕದಲ್ಲಿ ಮುಂಬೈ ಸಮೀಪದ ಅಂಬಾ ನದಿಯಂತೆ ಕಡಲಿನ ಉಬ್ಬರವೇ ಆಳ ಕೊಡುವ ಹಾದಿಗಳೂ ಇವೆ. ಒಳನಾಡಿನ ನದಿಗಳ ಕಥೆ ಬೇರೆ.

1834ರ ಹೊತ್ತಿಗೇ ಕೋಲ್ಕತ್ತಾದಿಂದ ಅಲಹಾಬಾದ್‌ಗೆ ಗಂಗೆಯ ಮೇಲೆ ಸ್ಟೀಮರ್ ಓಡುತ್ತಿತ್ತು. ಆಮೇಲೆ ರೈಲು ಬಂತು. ರೈಲಿಗಿಂತ ಕಾಲುವೆಯೇ ಅಗ್ಗ ಎಂದು ಗೋದಾವರಿ ಅಣೆಕಟ್ಟೆಯ ಎಂಜಿನಿಯರ್ ಆರ್ಥರ್ ಕಾಟನ್ ವಾದಿಸುತ್ತಲೇ ಇದ್ದರು. ಸರ್ಕಾರದ ಹಣ ಹಳಿಗಳಿಗೇ ಹೋಯಿತು.

ಇದರ ಫಲ ನೋಡಬೇಕೆಂದರೆ ಚೆನ್ನೈನ ಬಕಿಂಗ್‌ಹ್ಯಾಮ್ ಕಾಲುವೆ ಸಾಕು. 1806ರಲ್ಲಿ ಆರಂಭವಾದ ಈ ಕಾಲುವೆಗೆ 1877-78ರ ಬರಗಾಲದಲ್ಲಿ ಪರಿಹಾರ ಕಾಮಗಾರಿಯಾಗಿ ಅಡ್ಯಾರ್ ಮತ್ತು ಕೂವಂ ನದಿಗಳ ನಡುವಿನ ಕೊಂಡಿ ತೋಡಲಾಯಿತು. ಆಂಧ್ರದ ಕಡೆಯಿಂದ ಅಕ್ಕಿ, ಸೌದೆ ಹೊತ್ತ ದೋಣಿಗಳು ನಗರದೊಳಗೇ ಬರುತ್ತಿದ್ದವು. 1960ರ ದಶಕದ ಚಂಡಮಾರುತಗಳ ಪೆಟ್ಟು, ಹೂಳು, ಕೊಳಚೆ ಎಲ್ಲ ಸೇರಿ ಸಂಚಾರ ನಿಂತಿತು. ಕೊನೆಗೆ ನಗರದ ಎತ್ತರಿಸಿದ ರೈಲು ಮಾರ್ಗದ ಕಂಬಗಳು ಕಾಲುವೆಯೊಳಗೇ ಎದ್ದವು. ವಿಚಿತ್ರವೆಂದರೆ, ಅದಾದ ಮೇಲೆ 2008ರಲ್ಲಿ ಇದೇ ಕಾಲುವೆ 4ನೇ ರಾಷ್ಟ್ರೀಯ ಜಲಮಾರ್ಗದ ಭಾಗವಾಯಿತು!

ತೊಡಕು ಸಂವಿಧಾನದಲ್ಲೇ ಇದೆ. ಸಂಸತ್ತು ರಾಷ್ಟ್ರೀಯ ಎಂದು ಘೋಷಿಸಿದ ಜಲಮಾರ್ಗದಲ್ಲಿ ಯಾಂತ್ರಿಕ ಹಡಗುಗಳ ಸಂಚಾರ ಮಾತ್ರ ಕೇಂದ್ರದ್ದು. ನೀರು, ನೀರಾವರಿ, ಕಾಲುವೆ ರಾಜ್ಯ ಪಟ್ಟಿಯಲ್ಲಿವೆ. 1986ರಲ್ಲಿ ಹುಟ್ಟಿದ ಒಳನಾಡು ಜಲಮಾರ್ಗ ಪ್ರಾಧಿಕಾರ ಹೂಳೆತ್ತಬಹುದು, ಟರ್ಮಿನಲ್ ಕಟ್ಟಬಹುದು. ಅಣೆಕಟ್ಟಿನ ಗೇಟ್ ತೆರೆಸುವುದು ಅದರ ಕೈಯಲ್ಲಿಲ್ಲ. ವಿಶ್ವಬ್ಯಾಂಕ್ ಸಾಲದ ಬೆಂಬಲವಿರುವ ಗಂಗೆಯಲ್ಲೂ ವಾರಾಣಸಿ ಕಡೆಗೆ ಇಟ್ಟುಕೊಂಡಿರುವ ಗುರಿ 2.2 ಮೀಟರ್ ಆಳವಷ್ಟೇ.

2016ರ ಕಾಯ್ದೆ ಒಂದೇ ಏಟಿಗೆ 106 ಹೊಸ ಜಲಮಾರ್ಗಗಳನ್ನು ಸೇರಿಸಿ ಒಟ್ಟು ಸಂಖ್ಯೆಯನ್ನು 111ಕ್ಕೆ ಏರಿಸಿತು. ಅವುಗಳಲ್ಲಿ ಬಹುಪಾಲಿನಲ್ಲಿ ಸರಕು ಹಡಗು ಇನ್ನೂ ಓಡುತ್ತಿಲ್ಲ. ಪಟ್ಟಿಯಲ್ಲಿ ಕರ್ನಾಟಕದ ಕಾಳಿ, ಶರಾವತಿ, ನೇತ್ರಾವತಿ ಇವೆ. ಕಡಲಿಗೆ ಸೇರುವ ಕಡೆ ಇವಕ್ಕೆ ಉಬ್ಬರದ ನೀರಿನ ಆಸರೆಯುಂಟು. ಕಬಿನಿ, ಮಲಪ್ರಭಾ, ತುಂಗಭದ್ರಾ ಕೂಡ ಅದೇ ಪಟ್ಟಿಯಲ್ಲಿವೆ. ಈ ಮೂರಕ್ಕೂ ಅಣೆಕಟ್ಟುಗಳಿವೆ, ಬೇಸಿಗೆಯಲ್ಲಿ ಅಲ್ಲಿನ ನೀರಿಗೆ ಗದ್ದೆ ಮತ್ತು ಕುಡಿಯುವ ನೀರಿನ ಬೇಡಿಕೆಯೇ ಮೊದಲು.